ಹತ್ತಿ ಬಂದಾಗ ಚಿನ್ನ: ಆದೋನಿ ಸೀಮೆಯ ಸೀಸನ್ ಹೂಡಿಕೆ ಮತ್ತು ಬೆಲೆ ಭವಿಷ್ಯದ ಲೆಕ್ಕಾಚಾರ

"ಈಗ ಚಿನ್ನ ತೆಗೆದಿಡಬಹುದಾ, ದೀಪಾವಳಿ ಕಳೆದು ಇಳಿಯುತ್ತಾ?" ಮಂಗಳೂರಿನ ಚಿನ್ನದಂಗಡಿಯಲ್ಲಿ, ಗಲ್ಫ್‌ನ ರೂಮಿನಲ್ಲಿ, ಮಗಳ ಮದುವೆಗೆ ಪವನ್ ಲೆಕ್ಕ ಹಾಕುವ ಮನೆಯಲ್ಲಿ ಸದಾ ಕೇಳಿಬರುವ ಪ್ರಶ್ನೆ ಇದು. ಇದೇ ಪ್ರಶ್ನೆಯನ್ನು ಬೇರೊಂದು ರೀತಿಯಲ್ಲಿ ಪ್ರತಿ ವರ್ಷ ಕೇಳಿಕೊಳ್ಳುವ ಊರು ಆಂಧ್ರಪ್ರದೇಶದ ಆದೋನಿ. ಅಲ್ಲಿ ಹತ್ತಿಯೂ ಇದೆ, ಚಿನ್ನವೂ ಇದೆ. ಬೆಲೆಗೆ ಸೀಸನ್ ಇದೆಯಾ ಇಲ್ಲವಾ ಎಂದು ತಿಳಿಯಲು ಆ ಊರು ಒಳ್ಳೆಯ ಪಾಠಶಾಲೆ.

ಆದೋನಿ ಎಲ್ಲಿದೆ?

ಕನ್ನಡಿಗರಿಗೆ ಇದು ಆದವಾನಿ. ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗ, ನಮ್ಮ ಬಳ್ಳಾರಿ, ರಾಯಚೂರು ಜಿಲ್ಲೆಗಳಿಗೆ ಅಂಟಿಕೊಂಡಿದೆ. ಬ್ರಿಟಿಷರ ಕಾಲದಲ್ಲಿ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯ ತಾಲೂಕಾಗಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಬಳ್ಳಾರಿ ಜಿಲ್ಲೆ ಒಡೆದು ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. ಉಳಿದದ್ದು ಮೈಸೂರು ರಾಜ್ಯಕ್ಕೆ ಬಂತು. ಹಾಗಾಗಿ ಆದೋನಿ, ಕೌತಾಳಂ, ಕೋಸಿಗಿ, ಮಂತ್ರಾಲಯ ಕಡೆ ಇವತ್ತಿಗೂ ತೆಲುಗು, ಉರ್ದುವಿನ ಜೊತೆಗೆ ಕನ್ನಡ ಕೇಳುತ್ತದೆ, ಕನ್ನಡ ಮಾಧ್ಯಮ ಶಾಲೆಗಳೂ ಇವೆ.

ಬಿಜಾಪುರದ ಆದಿಲ್‌ಶಾಹಿಗಳ ಪರವಾಗಿ ಆದೋನಿ ಕೋಟೆಯನ್ನು ಆಳಿದ ಸಿದ್ದಿ ಮಸೂದ್ ಖಾನ್ 17ನೇ ಶತಮಾನದಲ್ಲಿ ಕಟ್ಟಿಸಿದ ಶಾಹಿ ಜಾಮಿಯಾ ಮಸೀದಿ ಈಗಲೂ ಊರಿನ ಹೆಗ್ಗುರುತು. ಮುಂಬೈ-ಚೆನ್ನೈ ರೈಲು ಮಾರ್ಗದ ರಾಯಚೂರು-ಗುಂತಕಲ್ ನಡುವೆ ಇರುವುದರಿಂದ ವ್ಯಾಪಾರಕ್ಕೂ ಅನುಕೂಲ. ಹತ್ತಿ ಮಾರುಕಟ್ಟೆ, ಜಿನ್ನಿಂಗ್ ಮಿಲ್, ಎಣ್ಣೆ ಮಿಲ್, ಬಟ್ಟೆ ಅಂಗಡಿ, ಸರಾಫರ ಅಂಗಡಿಗಳಿಂದಾಗಿ 'ಎರಡನೇ ಬೊಂಬಾಯಿ' ಎಂದು ಹೆಸರು ಪಡೆದ ಊರು.

ಹೊಲದ ಕ್ಯಾಲೆಂಡರ್, ಚಿನ್ನದ ಕ್ಯಾಲೆಂಡರ್

ಈ ಸೀಮೆಯಲ್ಲಿ ಹೆಚ್ಚಿನದು ಎರೆಭೂಮಿ ಮತ್ತು ಮಳೆಯಾಧಾರಿತ ಬೇಸಾಯ. ತುಂಗಭದ್ರಾ ಕೆಳಮಟ್ಟದ ಕಾಲುವೆ ಒಂದಷ್ಟು ಊರುಗಳಿಗೆ ನೀರು ಕೊಡುತ್ತದೆ, ಉಳಿದವರು ಮೋಡ ನೋಡಿಕೊಂಡೇ ಬದುಕಬೇಕು. ಜೂನ್-ಜುಲೈಯಲ್ಲಿ ಹತ್ತಿ, ಶೇಂಗಾ ಬಿತ್ತನೆ. ಅಕ್ಟೋಬರ್‌ನಿಂದ ಹತ್ತಿ ಬಿಡಿಸುವ ಕೆಲಸ ಶುರು. ಮಾರ್ಚ್‌ವರೆಗೂ ಆದೋನಿ ಕೃಷಿ ಮಾರುಕಟ್ಟೆಗೆ ಹತ್ತಿ ಬರುತ್ತಲೇ ಇರುತ್ತದೆ. ಹಿಂಗಾರಿನಲ್ಲಿ ಕಡಲೆ. ಮಳೆ ಕೈಕೊಟ್ಟ ವರ್ಷ ಕೋಸಿಗಿ, ಕೌತಾಳಂ ಕಡೆಯ ಕುಟುಂಬಗಳು ಮಕ್ಕಳನ್ನೂ ಕಟ್ಟಿಕೊಂಡು ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು, ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತವೆ.

ಮನೆಯ ಚಿನ್ನ ಇದೇ ಕ್ಯಾಲೆಂಡರಿನ ಮೇಲೆ ಓಡಾಡುತ್ತದೆ. ಬೀಜ, ಗೊಬ್ಬರಕ್ಕೆ ಹಣ ಬೇಕಾದ ಜೂನ್‌ನಲ್ಲಿ ಹೆಂಡತಿಯ ಬಳೆ, ಸರ ಗಿರವಿಗೆ ಹೋಗುತ್ತದೆ. ಹತ್ತಿಯ ದುಡ್ಡು ಬಂದ ಮೇಲೆ, ಡಿಸೆಂಬರ್-ಜನವರಿಯಲ್ಲಿ, ಬಿಡಿಸಿಕೊಂಡು ಬರುತ್ತದೆ. ಬೆಳೆ ಚೆನ್ನಾಗಿ ಬಂದ ವರ್ಷ ಅದರ ಜೊತೆ ಹೊಸದೊಂದು ತೊಲವೂ ಬರುತ್ತದೆ. ರೈತನ ಪಾಲಿಗೆ 'ಚಿನ್ನದ ಸೀಸನ್' ಅಂದ್ರೆ ಇದು. ಬೆಲೆ ಏರುತ್ತದಾ ಇಳಿಯುತ್ತದಾ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ, ದುಡ್ಡು ಯಾವಾಗ ಕೈಗೆ ಬರುತ್ತದೆ ಎಂಬುದಷ್ಟೇ ಲೆಕ್ಕ.

ಮುಸ್ಲಿಮರ ಮದುವೆ ಸೀಸನ್ ಮಾತ್ರ ಈ ಕ್ಯಾಲೆಂಡರಿಗೆ ಸಿಗುವುದಿಲ್ಲ. ರಮಝಾನ್‌ನಲ್ಲಿ ಸಾಮಾನ್ಯವಾಗಿ ಮದುವೆ ಇಡುವುದಿಲ್ಲ, ಈದ್ ಕಳೆದ ಮೇಲೆ ಸಾಲು ಸಾಲು. ಹಿಜರಿ ವರ್ಷ ಸುಮಾರು 11 ದಿನ ಚಿಕ್ಕದಾದ್ದರಿಂದ ರಮಝಾನ್ ಪ್ರತಿ ವರ್ಷ ಹಿಂದಕ್ಕೆ ಸರಿಯುತ್ತದೆ. 2030ರಲ್ಲಿ ಜನವರಿಯಲ್ಲಿ ಒಮ್ಮೆ, ಡಿಸೆಂಬರ್‌ನಲ್ಲಿ ಇನ್ನೊಮ್ಮೆ ರಮಝಾನ್ ಶುರುವಾಗಲಿದೆ. ಅಂದರೆ "ಇಂಥ ತಿಂಗಳಲ್ಲಿ ನಮ್ಮವರು ಚಿನ್ನ ಕೊಳ್ಳುತ್ತಾರೆ, ಆಗ ರೇಟ್ ಏರುತ್ತದೆ" ಎಂಬ ಲೆಕ್ಕ ಹತ್ತು ವರ್ಷವೂ ನಿಲ್ಲುವುದಿಲ್ಲ.

ಹತ್ತಿಗೆ ಸೀಸನ್ ಇದೆ, ಆದರೂ ಭವಿಷ್ಯ ಹೇಳಲಾಗದು

ಬೆಳೆಯ ಬೆಲೆಯಲ್ಲಿ ಸೀಸನ್ ಇರುವುದು ನಿಜ. ಕಾರಣ ಸರಳ: ಎಲ್ಲರ ಹತ್ತಿ ಒಟ್ಟಿಗೆ ಬರುತ್ತದೆ, ಸಾಲಗಾರ ಕಾಯುವುದಿಲ್ಲ, ಮನೆಯಲ್ಲಿ ರಾಶಿ ಹಾಕಲು ಜಾಗ ಇಲ್ಲ. ಆವಕ ಜಾಸ್ತಿಯಾದಾಗ ಬೆಲೆ ಬೀಳುತ್ತದೆ, ಆವಕ ಕಡಿಮೆಯಾದಾಗ ಚೇತರಿಸುತ್ತದೆ. ಕಾಯುವ ಶಕ್ತಿ ಇದ್ದವನು ಲಾಭ ಮಾಡುತ್ತಾನೆ. ಆ ಲಾಭ ಅವನ ಗೋದಾಮಿನ ಬಾಡಿಗೆ, ಹಣ ಕಟ್ಟಿಹಾಕಿದ್ದಕ್ಕೆ ಸಿಗುವ ಪ್ರತಿಫಲ, ಜೊತೆಗೆ ಬೆಲೆ ಬಿದ್ದರೆ ನಷ್ಟ ಹೊರುವ ಅಪಾಯದ ಬೆಲೆ.

ಆದರೆ "ಕಾದರೆ ಬೆಲೆ ಬರುತ್ತದೆ" ಎಂದು ನಂಬಿದವರಿಗೆ ಏನಾಯಿತು ಎಂಬುದಕ್ಕೆ ಹತ್ತಿರದ ಉದಾಹರಣೆ ಇದೆ. 2021-22ರ ಹಂಗಾಮಿನಲ್ಲಿ ಮಧ್ಯಮ ಎಳೆಯ ಹತ್ತಿಗೆ ಬೆಂಬಲ ಬೆಲೆ ಕ್ವಿಂಟಲ್‌ಗೆ 5,726 ರೂ. ಇತ್ತು, ಮಾರುಕಟ್ಟೆಯಲ್ಲಿ 10,000 ರೂ. ದಾಟಿ ಹೋಯಿತು. ಬೇಗ ಮಾರಿದವರು ಕೈ ಕೈ ಹಿಸುಕಿಕೊಂಡರು. ಮರುವರ್ಷ, 2022-23ರಲ್ಲಿ, ದೇಶದ ಹತ್ತಿ ಸೀಮೆಗಳಲ್ಲಿ ಬಹಳಷ್ಟು ರೈತರು ಅದೇ ಬೆಲೆ ಮತ್ತೆ ಬರುತ್ತದೆಂದು ಹತ್ತಿಯನ್ನು ಮನೆಯಲ್ಲೇ ಇಟ್ಟುಕೊಂಡು ಕಾದರು. ಬೆಲೆ ಏರಲಿಲ್ಲ, 2023ರ ಬೇಸಿಗೆ ಬರುವಷ್ಟರಲ್ಲಿ ಇನ್ನೂ ಇಳಿಯಿತು. ಕಳೆದ ವರ್ಷದ ಪಾಠವೇ ಈ ವರ್ಷದ ನಷ್ಟಕ್ಕೆ ಕಾರಣ ಆಯಿತು.

ಪತ್ತಿಕೊಂಡ ಕಡೆಯ ಟೊಮೆಟೊ ಬೆಳೆಗಾರರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು. ಒಂದು ವರ್ಷ ಬೆಲೆ ಬಂದರೆ ಮರುವರ್ಷ ಎಲ್ಲರೂ ಟೊಮೆಟೊ ಹಾಕುತ್ತಾರೆ. ಹಣ್ಣು ಬಂದಾಗ ಬಿಡಿಸಿದ ಕೂಲಿಯೂ ಹುಟ್ಟದೆ ರಸ್ತೆಗೆ ಸುರಿಯುವ ಪರಿಸ್ಥಿತಿ. ಎಲ್ಲರೂ ನಂಬಿದ ಭವಿಷ್ಯ ತನ್ನನ್ನು ತಾನೇ ಸುಳ್ಳು ಮಾಡಿಕೊಳ್ಳುತ್ತದೆ.

ಇದರ ಮೇಲೆ ಸರಕಾರದ ಆದೇಶಗಳು. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರಕಾರ ಹತ್ತಿಯ ಮೇಲಿನ ಶೇ. 11 ಆಮದು ಸುಂಕವನ್ನು ತಾತ್ಕಾಲಿಕವಾಗಿ ತೆಗೆಯಿತು, ನಂತರ ಅದನ್ನು ಡಿಸೆಂಬರ್ 31ರವರೆಗೆ ವಿಸ್ತರಿಸಿತು. ಹೊಸ ಹತ್ತಿ ಮಾರುಕಟ್ಟೆಗೆ ಬರುವ ಹೊತ್ತಿಗೇ ಹೊರದೇಶದ ಹತ್ತಿಗೆ ಬಾಗಿಲು ತೆರೆದಂತಾಯಿತು. ಇದನ್ನು ಯಾವ ಹಳೆಯ ಚಾರ್ಟ್ ನೋಡಿ ಹೇಳಲು ಸಾಧ್ಯ? 2025-26ಕ್ಕೆ ಬೆಂಬಲ ಬೆಲೆ ಮಧ್ಯಮ ಎಳೆಗೆ 7,710 ರೂ., ಉದ್ದ ಎಳೆಗೆ 8,110 ರೂ. ಎಂದು ಘೋಷಣೆಯಾಗಿದ್ದರೂ, ಹತ್ತಿ ನಿಗಮದ ಕೇಂದ್ರದಲ್ಲಿ ತೇವಾಂಶ ಶೇ. 8 ಇದ್ದರೆ ಮಾತ್ರ ಪೂರ್ತಿ ಬೆಲೆ. ಅದಕ್ಕಿಂತ ಹೆಚ್ಚಿದ್ದರೆ ಕಡಿತ, ಶೇ. 12 ದಾಟಿದರೆ ಖರೀದಿಯೇ ಇಲ್ಲ. ಹಾಗಾಗಿ ಬೆಲೆ ಊಹಿಸುವುದಕ್ಕಿಂತ ಹತ್ತಿ ಒಣಗಿಸುವುದು ರೈತನಿಗೆ ಹೆಚ್ಚು ಲಾಭದ ಕೆಲಸ.

ಚಿನ್ನದ ಬೆಲೆ ಆದೋನಿಯಲ್ಲಿ ಹುಟ್ಟುವುದಿಲ್ಲ

ಹತ್ತಿಯಂತೆ ಚಿನ್ನಕ್ಕೂ ಸೀಸನ್ ಇದೆ ಎಂದುಕೊಳ್ಳುವುದು ಸಾಮಾನ್ಯ ತಪ್ಪು. ಧನತ್ರಯೋದಶಿ, ಅಕ್ಷಯ ತೃತೀಯ, ಮದುವೆ ಕಾಲದಲ್ಲಿ ಅಂಗಡಿಯಲ್ಲಿ ನೂಕುನುಗ್ಗಲು ಇರುವುದು ಹೌದು. ಆದರೆ ಚಿನ್ನ ಕೊಳೆಯುವುದಿಲ್ಲ, ತೇವಾಂಶ ಇಲ್ಲ, ವರ್ಷಗಟ್ಟಲೆ ಕಾಯಬಲ್ಲದು. ಅಕ್ಟೋಬರ್‌ನಲ್ಲಿ ಬೆಲೆ ಖಂಡಿತ ಏರುತ್ತದೆ ಎಂದು ಎಲ್ಲರಿಗೂ ಗೊತ್ತಿದ್ದರೆ ದೊಡ್ಡ ವ್ಯಾಪಾರಿಗಳು ಆಗಸ್ಟ್‌ನಲ್ಲೇ ಕೊಂಡು ಆ ಏರಿಕೆಯನ್ನು ಆಗಲೇ ತಿಂದುಬಿಡುತ್ತಾರೆ.

ನಾವು ಕೊಡುವ ರೇಟ್ ಹೀಗೆ ಆಗುತ್ತದೆ: ಅಂತಾರಾಷ್ಟ್ರೀಯ ಮಾರುಕಟ್ಟೆಯಲ್ಲಿ ಒಂದು ಔನ್ಸ್ ಅಂದರೆ 31.1 ಗ್ರಾಂಗೆ ಎಷ್ಟು ಡಾಲರ್, ಆ ದಿನ ಡಾಲರ್‌ಗೆ ಎಷ್ಟು ರೂಪಾಯಿ, ಅದರ ಮೇಲೆ ಆಮದು ಸುಂಕ, ಆಮೇಲೆ ಮಜೂರಿ, ಕೊನೆಗೆ ಶೇ. 3 ಜಿಎಸ್‌ಟಿ. ಇದರಲ್ಲಿ ಆದೋನಿಯ ಹತ್ತಿ ಸೀಸನ್ನಿಗಾಗಲಿ, ಮಂಗಳೂರಿನ ಮದುವೆ ಸೀಸನ್ನಿಗಾಗಲಿ ಸಿಗುವ ಪಾಲು ಬಹಳ ಸಣ್ಣದು.

ಇತಿಹಾಸ ಏನು ಹೇಳುತ್ತದೆ?

* 1980ರ ಜನವರಿಯಲ್ಲಿ ಔನ್ಸ್‌ಗೆ 850 ಡಾಲರ್ ಮುಟ್ಟಿದ ಚಿನ್ನ ಮತ್ತೆ ಆ ಬೆಲೆ ಕಂಡದ್ದು 2008ರಲ್ಲಿ. 28 ವರ್ಷ!
* 2011ರಲ್ಲಿ 1,900 ಡಾಲರ್ ಆಸುಪಾಸಿಗೆ ಹೋಗಿ, 2015ರ ಕೊನೆಗೆ 1,050 ಡಾಲರ್‌ಗೆ ಇಳಿಯಿತು. ಮತ್ತೆ ಹೊಸ ದಾಖಲೆ ಆದದ್ದು 2020ರಲ್ಲಿ.
* 2013ರ ಏಪ್ರಿಲ್‌ನಲ್ಲಿ, ಅಕ್ಷಯ ತೃತೀಯಕ್ಕೆ ಒಂದು ತಿಂಗಳು ಇರುವಾಗ, ಎರಡೇ ವ್ಯವಹಾರದ ದಿನಗಳಲ್ಲಿ ವಿಶ್ವ ಮಾರುಕಟ್ಟೆಯಲ್ಲಿ ಶೇ. 10ಕ್ಕಿಂತ ಹೆಚ್ಚು ಕುಸಿಯಿತು.
* 2024ರ ಜುಲೈ 23ರ ಬಜೆಟ್‌ನಲ್ಲಿ ಆಮದು ಸುಂಕ ಶೇ. 15ರಿಂದ 6ಕ್ಕೆ ಇಳಿಯಿತು. ಕೆಲವೇ ದಿನಗಳಲ್ಲಿ ನಮ್ಮಲ್ಲಿ 10 ಗ್ರಾಂ ಚಿನ್ನ ಸಾವಿರಾರು ರೂಪಾಯಿ ಅಗ್ಗವಾಯಿತು. ಹಿಂದಿನ ವಾರ ಕೊಂಡವರು ಏನು ಮಾಡಬೇಕು?
* 2025ರ ಏಪ್ರಿಲ್‌ನಲ್ಲಿ 10 ಗ್ರಾಂ ಅಪರಂಜಿ ಒಂದು ಲಕ್ಷ ರೂಪಾಯಿ ಮುಟ್ಟಿತು, ಆಮೇಲೂ ಏರಿತು. "ಇಳಿಯಲಿ, ಆಮೇಲೆ ತೆಗೆಯೋಣ" ಎಂದು ಕಾದವರೂ ಸೋತರು.

ಹೀಗೆ ಏರಿದಾಗಲೂ ಇಳಿದಾಗಲೂ ಊಹಿಸಿದವರಲ್ಲಿ ಒಂದು ಪಾಲು ಜನ ತಪ್ಪಿದ್ದಾರೆ. ಬಡ್ಡಿ ದರ, ಯುದ್ಧ, ಡಾಲರ್, ಬೇರೆ ಬೇರೆ ದೇಶಗಳ ಕೇಂದ್ರ ಬ್ಯಾಂಕ್‌ಗಳ ಖರೀದಿ, ಇವು ಯಾವುದಕ್ಕೂ ತಿಂಗಳಿನ ಹಂಗಿಲ್ಲ.

ಆಭರಣ ಹೂಡಿಕೆಯೇ? ಒಂದು ಲೆಕ್ಕ

ಲೆಕ್ಕ ಸುಲಭವಾಗಲು ಗ್ರಾಂಗೆ 9,000 ರೂ. ಎಂದುಕೊಳ್ಳೋಣ. ಒಂದು ಪವನ್ ಅಂದರೆ 8 ಗ್ರಾಂಗೆ 72,000. ಮಜೂರಿ ಶೇ. 10 ಆದರೆ 7,200. ಒಟ್ಟು 79,200ರ ಮೇಲೆ ಶೇ. 3 ಜಿಎಸ್‌ಟಿ 2,376. ಕೈಯಿಂದ ಹೋದದ್ದು 81,576 ರೂ. ಮರುದಿನ ಮಾರಲು ಹೋದರೆ ಹೆಚ್ಚೆಂದರೆ 72,000 ಸಿಗುತ್ತದೆ. ಹಾಕಿದ ಹಣ ವಾಪಸ್ ಬರಬೇಕಾದರೆ ಚಿನ್ನದ ರೇಟ್ ಶೇ. 13ಕ್ಕಿಂತ ಹೆಚ್ಚು ಏರಬೇಕು. ಸೀಸನ್ ನೋಡಿ ಶೇ. 3-4 ಉಳಿಸಿದೆವು ಎಂದು ಖುಷಿಪಡುವವರು ಮಜೂರಿಯಲ್ಲಿ ಅದರ ಮೂರು ಪಾಲು ಬಿಟ್ಟುಕೊಡುತ್ತಾರೆ. ತಿಂಗಳು ಹುಡುಕುವ ಬದಲು ನಾಲ್ಕು ಅಂಗಡಿಯಲ್ಲಿ ಮಜೂರಿ ಕೇಳಿ ಚೌಕಾಸಿ ಮಾಡಿದರೆ ಖಚಿತ ಲಾಭ ಇದೆ.

ಕೊಳ್ಳುವಾಗ ಹಾಲ್‌ಮಾರ್ಕ್ ಮತ್ತು ಆರು ಅಕ್ಷರ-ಅಂಕಿಗಳ ಹೆಚ್‌ಯುಐಡಿ ನೋಡಲೇಬೇಕು. ಹಾಲ್‌ಮಾರ್ಕ್ ಆಭರಣಕ್ಕೆ 2023ರ ಏಪ್ರಿಲ್ 1ರಿಂದ ಇದು ಕಡ್ಡಾಯ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿ ಪರೀಕ್ಷಿಸಬಹುದು.

ಶೇರು ಮಾರುಕಟ್ಟೆಯ ಮುಹೂರ್ತ

ಶೇರು ಪೇಟೆಯಲ್ಲೂ ಸೀಸನ್ ಮಾತುಗಳಿವೆ: ದೀಪಾವಳಿ ಮುಹೂರ್ತ ವಹಿವಾಟು, ಬಜೆಟ್ ಮುಂಚಿನ ಏರಿಕೆ, ಒಳ್ಳೆ ಮುಂಗಾರು ಬಂದರೆ ಟ್ರ್ಯಾಕ್ಟರ್ ಮತ್ತು ಗೊಬ್ಬರದ ಶೇರು. ಮುಹೂರ್ತವನ್ನೇ ನೋಡಿ. 2007ರ ದೀಪಾವಳಿಯಲ್ಲಿ ಸೆನ್ಸೆಕ್ಸ್ ಸುಮಾರು 19,000ದಲ್ಲಿತ್ತು. 2008ರ ದೀಪಾವಳಿಗೆ ಸುಮಾರು 9,000. ಅದೇ ಹಬ್ಬ, ಅದೇ ಮುಹೂರ್ತ, ಅರ್ಧಕ್ಕಿಂತ ಹೆಚ್ಚು ಹಣ ಮಾಯ. ಮಳೆಯ ವಿಷಯವೂ ಅಷ್ಟೆ. ಹವಾಮಾನ ಇಲಾಖೆಯ ಮುಂಗಾರು ಮುನ್ಸೂಚನೆ ಏಪ್ರಿಲ್‌ನಲ್ಲೇ ಬರುತ್ತದೆ, ಅದು ನಮ್ಮ ವಾಟ್ಸ್‌ಆ್ಯಪ್‌ಗೆ ತಲುಪುವ ಮೊದಲೇ ಬೆಲೆಯಲ್ಲಿ ಸೇರಿಹೋಗಿರುತ್ತದೆ.

ಫ್ಯೂಚರ್ಸ್ ಮತ್ತು ಆಪ್ಷನ್ಸ್ ಕಡೆಗೆ ನಮ್ಮ ಯುವಕರು ಹೋಗುತ್ತಿರುವುದು ಹೆಚ್ಚಿನ ಆತಂಕದ ವಿಷಯ. ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಶೇರು ಎಫ್ ಆ್ಯಂಡ್ ಒದಲ್ಲಿ ಆಡಿದ ಸಾಮಾನ್ಯ ವ್ಯಕ್ತಿಗಳಲ್ಲಿ ಶೇ. 93ರಷ್ಟು ಮಂದಿ ನಷ್ಟ ಅನುಭವಿಸಿದ್ದಾರೆ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂ.ಗೂ ಹೆಚ್ಚು. ಚಿನ್ನ, ಹತ್ತಿಯ ಫ್ಯೂಚರ್ಸ್‌ನಲ್ಲೂ ಯಂತ್ರ ಅದೇ: ಶೇ. 10 ಮಾರ್ಜಿನ್ ಕಟ್ಟಿ ಹತ್ತು ಪಟ್ಟು ಮಾಲು ಹಿಡಿದರೆ, ಬೆಲೆ ಶೇ. 5 ಇಳಿದರೂ ಕಟ್ಟಿದ ಹಣದಲ್ಲಿ ಅರ್ಧ ಹೋಯಿತು.

ಜೊನ್ನಗಿರಿಯ ವಜ್ರದ ಮಳೆ

ಇದೇ ಜಿಲ್ಲೆಯ ತುಗ್ಗಲಿ ಮಂಡಲದ ಜೊನ್ನಗಿರಿ, ಪಗಿಡಿರಾಯಿ ಕಡೆ ಮುಂಗಾರಿನ ಮೊದಲ ಮಳೆ ಬಿದ್ದ ಕೂಡಲೇ ಹೊಲಗಳಲ್ಲಿ ಜನ ತಲೆ ಬಗ್ಗಿಸಿ ಓಡಾಡುತ್ತಾರೆ. ಮಳೆ ಮೇಲ್ಮಣ್ಣನ್ನು ತೊಳೆದಾಗ ಒಳಗಿನ ವಜ್ರದ ಹರಳು ಹೊಳೆಯುತ್ತದೆ. ಪ್ರತಿ ವರ್ಷ ಒಬ್ಬಿಬ್ಬರು ಕೂಲಿಯವರಿಗೆ ಲಕ್ಷಗಟ್ಟಲೆ ಬೆಲೆಯ ಹರಳು ಸಿಕ್ಕ ಸುದ್ದಿ ಬರುತ್ತದೆ. ಕೂಲಿ ಬಿಟ್ಟು ವಾರಗಟ್ಟಲೆ ಹುಡುಕಿ ಬರಿಗೈಲಿ ಹೋದ ನೂರಾರು ಜನರ ಸುದ್ದಿ ಬರುವುದಿಲ್ಲ. ಶೇರು ಟಿಪ್ಸ್ ಗುಂಪುಗಳಲ್ಲಿ ಬರುವ ಲಾಭದ ಸ್ಕ್ರೀನ್‌ಶಾಟ್‌ಗಳೂ ಹೀಗೇ. ಜೊನ್ನಗಿರಿಯಲ್ಲಿ ಚಿನ್ನದ ಅದಿರೂ ಇದೆ. ಜಿಯೋಮೈಸೂರ್ ಸರ್ವಿಸಸ್ ಎಂಬ ಖಾಸಗಿ ಕಂಪೆನಿ ಅಲ್ಲಿ ಗಣಿ ಯೋಜನೆ ಕೈಗೊಂಡಿದೆ. ನೆಲದಡಿ ಚಿನ್ನ ಇರುವುದು ಗೊತ್ತಾದ ಮೇಲೂ ಅದನ್ನು ತೆಗೆಯುವ ಹಂತಕ್ಕೆ ಬರಲು ವರ್ಷಗಳೇ ಹಿಡಿದವು. ನಿಜವಾದ ಚಿನ್ನಕ್ಕೆ ಅಷ್ಟು ತಾಳ್ಮೆ ಬೇಕು.

ಶರೀಅತ್ ಏನು ಹೇಳುತ್ತದೆ?

ಝಕಾತ್: ಚಿನ್ನದ ನಿಸಾಬ್ 20 ಮಿಸ್ಕಾಲ್, ಸುಮಾರು 85 ಗ್ರಾಂ, ಅಂದರೆ ಹತ್ತೂವರೆ ಪವನ್‌ಗಿಂತ ಸ್ವಲ್ಪ ಹೆಚ್ಚು. ಏಳೂವರೆ ತೊಲ, 87.48 ಗ್ರಾಂ ಎಂಬ ಲೆಕ್ಕವೂ ನಮ್ಮ ದೇಶದಲ್ಲಿ ರೂಢಿಯಲ್ಲಿದೆ. ಒಂದು ಹಿಜರಿ ವರ್ಷ ಪೂರ್ತಿಯಾದರೆ ಶೇ. 2.5. ಹನಫಿ ಮದ್‌ಹಬ್‌ನಲ್ಲಿ ತೊಡುವ ಆಭರಣಕ್ಕೂ ಝಕಾತ್ ಇದೆ. ಬ್ಯಾರಿಗಳಲ್ಲಿ ಹೆಚ್ಚಿನವರು ಅನುಸರಿಸುವ ಶಾಫಿಈ ಮದ್‌ಹಬ್‌ನಲ್ಲಿ ಮಹಿಳೆ ತೊಡಲೆಂದು ಇಟ್ಟುಕೊಂಡ, ಮಿತಿ ಮೀರದ ಆಭರಣಕ್ಕೆ ಇಲ್ಲ. ಆದರೆ ಬೆಲೆ ಏರಿದಾಗ ಮಾರೋಣ ಎಂದು ಕೂಡಿಟ್ಟ ಚಿನ್ನಕ್ಕೆ, ನಾಣ್ಯ ಮತ್ತು ಬಿಸ್ಕತ್ತಿಗೆ ಝಕಾತ್ ಇದ್ದೇ ಇದೆ. ಸೀಸನ್ ನೋಡಿ ಹೂಡಿಕೆ ಮಾಡುವವರು ಈ ವ್ಯತ್ಯಾಸ ಮರೆಯಬಾರದು.

ಹಳೆಯದಕ್ಕೆ ಹೊಸದು: ಚಿನ್ನಕ್ಕೆ ಚಿನ್ನ ಬದಲಾಯಿಸುವಾಗ ತೂಕ ಸಮ ಇರಬೇಕು, ಕೈಯಿಂದ ಕೈಗೆ ಆಗಬೇಕು, ಇಲ್ಲದಿದ್ದರೆ ರಿಬಾ. ಹಳೆಯದನ್ನು ಮಾರಿ ಹಣ ಪಡೆದು, ಆಮೇಲೆ ಹೊಸದನ್ನು ಬೇರೆಯಾಗಿ ಕೊಳ್ಳುವುದು ಸುರಕ್ಷಿತ ದಾರಿ.

ಫ್ಯೂಚರ್ಸ್: ಮಾಲೂ ಇಲ್ಲ, ಪೂರ್ತಿ ಹಣವೂ ಇಲ್ಲದ ಈ ವ್ಯವಹಾರ ಸಮ್ಮತವಲ್ಲ ಎಂದು ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ 1992ರಲ್ಲಿ ಜಿದ್ದಾದಲ್ಲಿ ತೀರ್ಮಾನಿಸಿದೆ. ಆದರೆ ಬೆಳೆಗಾರನ ಕಷ್ಟಕ್ಕೆ ಇಸ್ಲಾಮಿನಲ್ಲಿ ಬೇರೆ ದಾರಿ ಇದೆ, ಅದು ಸಲಂ. ಇಂಥ ಗುಣಮಟ್ಟದ ಇಷ್ಟು ಕ್ವಿಂಟಲ್ ಹತ್ತಿ ಇಂಥ ದಿನ ಕೊಡಬೇಕು ಎಂದು ನಿಗದಿ ಮಾಡಿ ಪೂರ್ತಿ ಹಣವನ್ನು ಮೊದಲೇ ಕೊಡುವುದು. ರೈತನಿಗೆ ಬಿತ್ತನೆ ಕಾಲದಲ್ಲಿ ಬಡ್ಡಿಯಿಲ್ಲದೆ ಹಣ, ಕೊಳ್ಳುವವನಿಗೆ ಮಾಲು. ಪತ್ನಿಯ ಬಳೆ ಗಿರವಿಗೆ ಹೋಗುವುದು ತಪ್ಪುತ್ತದೆ. ನಿಯಮಗಳನ್ನು ಉಲಮಾಗಳಲ್ಲಿ ಕೇಳಿಯೇ ಮಾಡಬೇಕು.

ಬಾಂಡ್, ಶೇರು: ಸರಕಾರದ ಚಿನ್ನದ ಬಾಂಡ್‌ನಲ್ಲಿ ಶೇ. 2.5 ಬಡ್ಡಿ ಇತ್ತು, 2024ರ ಫೆಬ್ರವರಿಯ ನಂತರ ಹೊಸದಾಗಿ ಬಿಡುಗಡೆ ಆಗಿಲ್ಲ. ಶೇರಿನಲ್ಲಿ ಬಡ್ಡಿ, ಮದ್ಯದಂಥ ವ್ಯವಹಾರ ಬಿಟ್ಟು ಆರಿಸಿದ ನಿಫ್ಟಿ 50 ಶರಿಯಾ ಸೂಚ್ಯಂಕ, ಟಾಟಾ ಎಥಿಕಲ್ ಫಂಡ್‌ನಂಥವು ಇವೆ. ಇವುಗಳ ಬೆಲೆಯೂ ಇಳಿಯಬಹುದು. ಆನ್‌ಲೈನ್ 'ಡಿಜಿಟಲ್ ಗೋಲ್ಡ್' ತನ್ನ ನಿಯಂತ್ರಣದಲ್ಲಿ ಇಲ್ಲ ಎಂದು ಸೆಬಿ 2025ರ ನವೆಂಬರ್‌ನಲ್ಲಿ ಎಚ್ಚರಿಸಿದೆ.

'ಹಲಾಲ್' ಹೆಸರಿನ ಬಲೆ

ಬೆಲೆ ಊಹೆಯಲ್ಲಿ ತಪ್ಪಿದರೆ ಸ್ವಲ್ಪ ನಷ್ಟ. ನಂಬಿಕೆಯಲ್ಲಿ ತಪ್ಪಿದರೆ ಸರ್ವಸ್ವ. ಬೆಂಗಳೂರಿನ ಐಎಂಎ 2019ರ ಜೂನ್‌ನಲ್ಲಿ ಬಾಗಿಲು ಹಾಕಿದಾಗ ಶಿವಾಜಿನಗರದಲ್ಲಿ ದೂರು ಕೊಡಲು ಸಾವಿರಾರು ಮಂದಿ ಸಾಲು ನಿಂತಿದ್ದರು. ಅದಕ್ಕೂ ಮುಂಚೆ, 2018ರಲ್ಲಿ, ಹೈದರಾಬಾದ್ ಮೂಲದ ಹೀರಾ ಗೋಲ್ಡ್‌ನಲ್ಲಿ ಹಣ ಹಾಕಿದವರು ಪೊಲೀಸರ ಮೊರೆ ಹೋಗಿದ್ದರು. ಎರಡರಲ್ಲೂ ಚಿನ್ನದ ವ್ಯಾಪಾರ, ಬಡ್ಡಿ ಇಲ್ಲದ 'ಲಾಭಾಂಶ' ಎಂಬುದೇ ಆಕರ್ಷಣೆ. ಪಿಂಚಣಿ, ಗಲ್ಫ್ ಸಂಪಾದನೆ, ಮದುವೆಗೆ ಇಟ್ಟ ಹಣ ಸಿಕ್ಕಿಹಾಕಿಕೊಂಡಿತು. ಚಿನ್ನದ ಬೆಲೆ ಏರಲಿ ಇಳಿಯಲಿ, ಪ್ರತಿ ತಿಂಗಳು ಶೇ. 2-3 ತಪ್ಪದೆ ಕೊಡುತ್ತೇವೆ ಎಂದರೆ ಅಲ್ಲಿಗೇ ನಿಲ್ಲಿ. ನಿಜವಾದ ವ್ಯಾಪಾರದಲ್ಲಿ ನಷ್ಟದ ತಿಂಗಳೂ ಇರುತ್ತದೆ.

ಹಾಗಾದರೆ ಏನು ಮಾಡಬೇಕು?

1. ಹಣ ಯಾವಾಗ ಬೇಕು ಎಂಬುದನ್ನು ಮೊದಲು ಬರೆಯಿರಿ. ಎರಡು ಮೂರು ವರ್ಷದೊಳಗೆ ಬೇಕಾದ ಹಣ ಶೇರಿಗೆ ಬೇಡ.
2. ಮಗಳ ಮದುವೆಗೆ ಚಿನ್ನ ಬೇಕಿದ್ದರೆ ರೇಟ್ ಊಹಿಸುತ್ತಾ ಕೂರಬೇಡಿ. ಹಣ ಬಂದಾಗಲೆಲ್ಲ ಸ್ವಲ್ಪ ಸ್ವಲ್ಪ, ಸಾಧ್ಯವಾದರೆ ಕಡಿಮೆ ಮಜೂರಿಯ ನಾಣ್ಯವಾಗಿ ತೆಗೆದಿಡಿ. ಏರಿಳಿತ ಸರಾಸರಿಯಾಗುತ್ತದೆ.
3. ಸಾಲ ಮಾಡಿ, ಗಿರವಿ ಇಟ್ಟು ಹೂಡಿಕೆ ಬೇಡ.
4. ಸಲಹೆ ಕೊಡುವವರ ಸೆಬಿ ನೋಂದಣಿ ಸಂಖ್ಯೆ ಕೇಳಿ, ಸೆಬಿ ವೆಬ್‌ಸೈಟ್‌ನಲ್ಲಿ ತಾಳೆ ನೋಡಿ.
5. ಎಲ್ಲವನ್ನೂ ಒಂದೇ ಕಡೆ ಹಾಕಬೇಡಿ. ಆದೋನಿಯ ರೈತ ಹತ್ತಿಯ ಸಾಲಿನ ನಡುವೆ ತೊಗರಿ ಹಾಕುವುದು ಇದಕ್ಕೇ.
6. ರಶೀದಿ, ಹೆಚ್‌ಯುಐಡಿ, ತೂಕದ ಚೀಟಿ ಜೋಪಾನ ಮಾಡಿ. ಝಕಾತ್ ಲೆಕ್ಕಕ್ಕೂ ಅದು ಬೇಕು.

ಆದೋನಿಯ ಮಾರುಕಟ್ಟೆಗೆ ಬರುವ ರೈತ ಮಳೆಯನ್ನೂ ಬೆಲೆಯನ್ನೂ ತನ್ನ ಕೈಯಲ್ಲಿ ಇಟ್ಟುಕೊಂಡಿಲ್ಲ. ಅವನ ಕೈಯಲ್ಲಿರುವುದು ಹತ್ತಿ ಒಣಗಿಸುವುದು, ತೂಕ ನೋಡುವುದು, ಜೂನ್‌ನಲ್ಲಿ ಹೋದ ಬಳೆಯನ್ನು ಜನವರಿಯಲ್ಲಿ ಮನೆಗೆ ತರುವುದು. ಗಲ್ಫ್‌ನಿಂದ ಬಂದ ಹಣವನ್ನು ಏನು ಮಾಡೋಣ ಎಂದು ಯೋಚಿಸುವ ನಮಗೂ ಅಷ್ಟೇ ಸಾಧ್ಯ, ಅಷ್ಟೇ ಸಾಕು.